ವೈದ್ಯೆಯೊಬ್ಬರ ಶಾಸನ ರಾಜಕಾರಣ: ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಜೀವನ

ವಸಾಹತುಶಾಹಿ ಕಾಲದ ಭಾರತದಲ್ಲಿ ಪಾಶ್ಚಾತ್ಯ ವೈದ್ಯಶಿಕ್ಷಣ ಪಡೆದ ಅನೇಕರು ರಾಜಕಾರಣವನ್ನು ಪ್ರವೇಶಿಸಿದರು. ದೆಹಲಿಯ ಎಂ.ಎ. ಅನ್ಸಾರಿ, ಕಲ್ಕತ್ತೆಯ ಬಿ.ಸಿ. ರಾಯ್, ಮಚಲೀಪಟ್ಟಣದ ಪಟ್ಟಾಭಿ ಸೀತಾರಾಮಯ್ಯ, ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಮೊದಲಾದವರ ಹೆಸರುಗಳು ಈ ಸಂದರ್ಭದಲ್ಲಿ ಸಹಜವಾಗಿ ನೆನಪಿಗೆ ಬರುತ್ತವೆ. ಇವರಲ್ಲಿ ಹೆಚ್ಚಿನವರನ್ನು ರಾಜಕಾರಣಕ್ಕೆ ತಂದದ್ದು ರಾಷ್ಟ್ರೀಯ ಚಳವಳಿ. ಮದ್ರಾಸಿನ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು (೧೮೮೬-೧೯೬೮) ಬಂದ ದಾರಿ ಬೇರೆ. ಅವರು ಶಾಸನ ಪರಿಷತ್ತಿಗೆ ಬಂದದ್ದು ಸರ್ಕಾರದ ನಾಮಕರಣದ ಮೂಲಕ. ಅಲ್ಲಿ ಅವರು ಎತ್ತಿದ ಪ್ರಶ್ನೆಗಳು ಅವರ ಚಿಕಿತ್ಸಾಲಯದಿಂದ ಹುಟ್ಟಿದ್ದವು. ಬಾಲ್ಯವಿವಾಹ, ಬಾಣಂತಿಯರ ಮರಣ, ಶಾಲಾಮಕ್ಕಳ ಆರೋಗ್ಯ, ಹೆಣ್ಣುಮಕ್ಕಳನ್ನು ದೇವಾಲಯಗಳಿಗೆ ಅರ್ಪಿಸುವ ಪದ್ಧತಿ ಇವೆಲ್ಲವೂ ಅವರ ದೃಷ್ಟಿಯಲ್ಲಿ ಒಂದೇ ಸಮಸ್ಯೆಯ ಭಿನ್ನ ಮುಖಗಳಾಗಿದ್ದವು. ರೋಗ ಬಂದ ಮೇಲೆ ಮದ್ದು ಕೊಡುವುದಕ್ಕಿಂತ ರೋಗದ ಮೂಲವನ್ನು ಕಾನೂನಿನಿಂದ ತಡೆಯಬೇಕೆಂಬುದು ಅವರ ನಿಲುವು. ಈ ನಿಲುವು ಏನನ್ನು ಸಾಧಿಸಿತು, ಎಲ್ಲಿ ತನ್ನ ಮಿತಿಯನ್ನು ಮುಟ್ಟಿತು ಎಂಬುದನ್ನು ಅವರ ಬದುಕಿನ ಘಟ್ಟಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪುದುಕ್ಕೋಟ್ಟೈಯ ಬಾಲ್ಯ

ಮುತ್ತುಲಕ್ಷ್ಮಿಯವರು ೧೮೮೬ರ ಜುಲೈ ೩೦ರಂದು ತಮಿಳುನಾಡಿನ ಪುದುಕ್ಕೋಟ್ಟೈ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅವರು ಬ್ರಾಹ್ಮಣರು, ಶಿಕ್ಷಣ ಕ್ಷೇತ್ರದಲ್ಲಿದ್ದವರು. ತಾಯಿ ಚಂದ್ರಮ್ಮಾಳ್ ಅವರು ದೇವಾಲಯದ ಸಂಗೀತ ನೃತ್ಯಗಳೊಂದಿಗೆ ಸಂಬಂಧವಿದ್ದ, ಮುಂದೆ ಇಸೈ ವೇಳಾಳರ್ ಎಂದು ಕರೆಸಿಕೊಂಡ ಸಮುದಾಯಕ್ಕೆ ಸೇರಿದವರು. ಈ ಸಂಬಂಧದಿಂದಾಗಿ ನಾರಾಯಣಸ್ವಾಮಿ ಅಯ್ಯರ್ ಅವರನ್ನು ಅವರ ಬಂಧುವರ್ಗ ದೂರವಿರಿಸಿತು. ಹೀಗೆ ಎರಡು ಸಾಮಾಜಿಕ ಲೋಕಗಳ ನಡುವೆ ಹುಟ್ಟಿ ಬೆಳೆದ ಮುತ್ತುಲಕ್ಷ್ಮಿಯವರಿಗೆ ಜಾತಿಯ ಕಟ್ಟುಪಾಡು, ಹೆಣ್ಣಿನ ಮರ್ಯಾದೆಯ ಕಲ್ಪನೆ ಹಾಗೂ ಅವೆರಡೂ ಸೇರಿ ಒಂದು ಕುಟುಂಬದ ಮೇಲೆ ಹೇರುವ ಒತ್ತಡ ಚಿಕ್ಕಂದಿನಿಂದಲೇ ಪರಿಚಿತವಾಗಿದ್ದವು. ಮುಂದೆ ಅವರು ಕೈಗೊಂಡ ಹೋರಾಟವನ್ನು ಅರ್ಥೈಸುವಾಗ ಈ ಹಿನ್ನೆಲೆಯನ್ನು ಮರೆಯುವಂತಿಲ್ಲ.

ಆ ಕಾಲದ ವಾಡಿಕೆಯಂತೆ ಪ್ರಾಯಕ್ಕೆ ಬಂದ ಹುಡುಗಿಯರು ಶಾಲೆ ಬಿಡಬೇಕಾಗಿತ್ತು. ಮುತ್ತುಲಕ್ಷ್ಮಿಯವರೂ ಶಾಲೆ ಬಿಟ್ಟರು, ಆದರೆ ಓದನ್ನು ಬಿಡಲಿಲ್ಲ. ತಂದೆಯ ಮಾರ್ಗದರ್ಶನದಲ್ಲಿ ಮನೆಯಲ್ಲಿಯೇ ಅಭ್ಯಾಸ ಮಾಡಿ ೧೯೦೨ರಲ್ಲಿ ಖಾಸಗಿ ವಿದ್ಯಾರ್ಥಿನಿಯಾಗಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮಗಳಿಗೆ ಬೇಗ ಮದುವೆಯಾಗಲಿ ಎಂಬುದು ತಾಯಿಯ ಅಪೇಕ್ಷೆ. ಮಗಳ ಅಪೇಕ್ಷೆ ಕಾಲೇಜು ಸೇರುವುದು. ಸಂಸ್ಥಾನದಲ್ಲಿದ್ದ ಮಹಾರಾಜಾ ಕಾಲೇಜು ಗಂಡುಮಕ್ಕಳಿಗೆ ಮೀಸಲಾಗಿದ್ದುದರಿಂದ ಅವರ ಪ್ರವೇಶಕ್ಕೆ ವಿರೋಧ ವ್ಯಕ್ತವಾಯಿತು. ಕೊನೆಗೆ ಮಹಾರಾಜ ಮಾರ್ತಾಂಡ ಭೈರವ ತೊಂಡೈಮಾನ್ ಅವರ ಆದೇಶದಿಂದ ಪ್ರವೇಶ ದೊರೆಯಿತು, ವಿದ್ಯಾರ್ಥಿವೇತನವೂ ದೊರೆಯಿತು. ಹೆಣ್ಣಿಗೆ ಮುಚ್ಚಿದ್ದ ಬಾಗಿಲು ಸಾಮಾಜಿಕ ಸಮ್ಮತಿಗಾಗಿ ಕಾಯದೆ ಆಡಳಿತದ ಒಂದು ಆದೇಶದಿಂದ ತೆರೆಯಬಲ್ಲುದು ಎಂಬ ಈ ಅನುಭವಕ್ಕೂ ಮುಂದೆ ಶಾಸನದ ಮೇಲೆ ಅವರು ಇಟ್ಟ ಭರವಸೆಗೂ ಸಂಬಂಧ ಕಲ್ಪಿಸಬಹುದು.

ವೈದ್ಯಶಿಕ್ಷಣ ಮತ್ತು ವೃತ್ತಿ

೧೯೦೭ರಲ್ಲಿ ಅವರು ಮದ್ರಾಸ್ ಮೆಡಿಕಲ್ ಕಾಲೇಜನ್ನು ಸೇರಿದರು. ಆ ಕಾಲೇಜು ೧೮೭೫ರಷ್ಟು ಹಿಂದೆಯೇ ಮೇರಿ ಶಾರ್ಲೀಬ್ ಮೊದಲಾದ ಮಹಿಳೆಯರಿಗೆ ಪ್ರವೇಶ ಕೊಟ್ಟಿತ್ತಾದರೂ, ಭಾರತೀಯ ಹೆಣ್ಣುಮಗಳೊಬ್ಬಳು ಅಲ್ಲಿ ವೈದ್ಯಪದವಿಯ ಅಧ್ಯಯನವನ್ನು ಪೂರ್ಣಗೊಳಿಸುವುದು ಆಗಲೂ ಅಪರೂಪವೇ ಆಗಿತ್ತು. ಪದಕಗಳನ್ನೂ ಬಹುಮಾನಗಳನ್ನೂ ಗಳಿಸಿ ೧೯೧೨ರಲ್ಲಿ ಪದವಿ ಪಡೆದ ಮುತ್ತುಲಕ್ಷ್ಮಿಯವರು ಮದ್ರಾಸಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿ ಕೆಲಸ ಮಾಡಿದರು. ವಿದ್ಯಾರ್ಥಿದೆಸೆಯಲ್ಲಿಯೇ ಸರೋಜಿನಿ ನಾಯ್ಡು ಅವರ ಪರಿಚಯವಾಗಿತ್ತು. ಅನಿ ಬೆಸೆಂಟ್ ಅವರ ಪ್ರಭಾವವೂ ಅವರ ಮೇಲಾಯಿತು.

೧೯೧೪ರಲ್ಲಿ ಡಾ. ಸುಂದರ ರೆಡ್ಡಿಯವರೊಡನೆ ಅವರ ವಿವಾಹವಾಯಿತು. ಸುಂದರ ರೆಡ್ಡಿಯವರೂ ಶಸ್ತ್ರವೈದ್ಯರೇ. ತಮ್ಮನ್ನು ಸಮಾನಳೆಂದು ಕಾಣಬೇಕು, ತಮ್ಮ ಇಚ್ಛೆಗೆ ಅಡ್ಡಬರಕೂಡದು ಎಂಬ ಷರತ್ತಿನ ಮೇಲೆ ಮುತ್ತುಲಕ್ಷ್ಮಿಯವರು ಈ ಮದುವೆಗೆ ಒಪ್ಪಿದರು. ಜಾತಿಯನ್ನು ಮೀರಿದ ಈ ವಿವಾಹ ೧೮೭೨ರ ವಿವಾಹ ಕಾಯಿದೆಯ ಅನ್ವಯ ನಡೆಯಿತು. ರಾಮಮೋಹನ್ ಮತ್ತು ಕೃಷ್ಣಮೂರ್ತಿ ಈ ದಂಪತಿಗಳ ಇಬ್ಬರು ಗಂಡುಮಕ್ಕಳು. ಪತ್ನಿಯ ಸಾರ್ವಜನಿಕ ಜೀವನಕ್ಕೆ ಪತಿಯ ಬೆಂಬಲ ಕೊನೆಯವರೆಗೂ ಇತ್ತು.

ಮದ್ರಾಸಿನಲ್ಲಿ ಅವರು ನಡೆಸಿದ ವೈದ್ಯವೃತ್ತಿ ಬಹುಮಟ್ಟಿಗೆ ಹೆಂಗಸರು ಮತ್ತು ಮಕ್ಕಳಿಗೆ ಸಂಬಂಧಿಸಿದ್ದು. ಎಳೆಯ ವಯಸ್ಸಿನಲ್ಲಿ ಬಸುರಾಗಿ ಹೆರಿಗೆಯಲ್ಲಿ ನರಳುತ್ತಿದ್ದ ಬಾಲೆಯರು, ಪುರುಷ ವೈದ್ಯರ ಮುಂದೆ ಹೋಗಲೊಲ್ಲದೆ ರೋಗವನ್ನು ಮುಚ್ಚಿಟ್ಟುಕೊಳ್ಳುತ್ತಿದ್ದ ಗೃಹಿಣಿಯರು, ಪೌಷ್ಟಿಕ ಆಹಾರವಿಲ್ಲದೆ ಸೊರಗಿದ ಶಿಶುಗಳು ಇವರ ನಡುವೆ ಕಳೆದ ವರ್ಷಗಳು ಅವರನ್ನು ಒಂದು ತೀರ್ಮಾನಕ್ಕೆ ತಂದವು. ಆಸ್ಪತ್ರೆಗೆ ಬರುವ ಅನೇಕ ರೋಗಗಳ ಕಾರಣ ಆಸ್ಪತ್ರೆಯ ಹೊರಗೆ, ಮನೆ ಮತ್ತು ಸಂಪ್ರದಾಯಗಳ ಒಳಗೆ ಇದೆ ಎಂಬುದೇ ಆ ತೀರ್ಮಾನ. ಇದೇ ಅವಧಿಯಲ್ಲಿ, ೧೯೧೭ರಲ್ಲಿ, ಮಾರ್ಗರೆಟ್ ಕಸಿನ್ಸ್, ಡೊರೊತಿ ಜಿನರಾಜದಾಸ ಮತ್ತು ಅನಿ ಬೆಸೆಂಟ್ ಅವರ ಪ್ರಯತ್ನದಿಂದ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಸ್ಥಾಪನೆಯಾಯಿತು. ಮುತ್ತುಲಕ್ಷ್ಮಿಯವರು ಅದರ ಕಾರ್ಯಗಳಲ್ಲಿ ತೊಡಗಿಕೊಂಡರು. ಸಂಘದ ಮುಖಪತ್ರವಾದ ‘ಸ್ತ್ರೀಧರ್ಮ’ದ ಸಂಪಾದಕತ್ವವನ್ನೂ ಮುಂದೆ ವಹಿಸಿಕೊಂಡರು.

೧೯೨೫ರಲ್ಲಿ ಸ್ತ್ರೀ ಮತ್ತು ಶಿಶುರೋಗಗಳ ವಿಶೇಷ ಅಧ್ಯಯನಕ್ಕಾಗಿ ಅವರು ಲಂಡನ್ನಿಗೆ ತೆರಳಿದರು. ೧೯೨೬ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಮತದಾನ ಹಕ್ಕಿನ ಸಮ್ಮೇಳನದಲ್ಲಿ ಭಾರತದ ಪ್ರತಿನಿಧಿಯಾಗಿ ಪಾಲ್ಗೊಂಡರು. ವೈದ್ಯಕೀಯ ಅಧ್ಯಯನ ಮತ್ತು ಮಹಿಳೆಯರ ರಾಜಕೀಯ ಹಕ್ಕುಗಳ ಚಳವಳಿ ಒಂದೇ ಪ್ರವಾಸದಲ್ಲಿ ಕೂಡಿಕೊಂಡದ್ದು ಮುಂದಿನ ಬೆಳವಣಿಗೆಗಳಿಗೆ ಪೀಠಿಕೆಯಂತಿದೆ.

ಶಾಸನ ಪರಿಷತ್ತಿಗೆ ಪ್ರವೇಶ

ಮದ್ರಾಸ್ ಪ್ರಾಂತವು ೧೯೨೧ರಲ್ಲಿ ಆಸ್ತಿ ಮೊದಲಾದ ಅರ್ಹತೆಗಳಿದ್ದ ಮಹಿಳೆಯರಿಗೆ ಮತದಾನದ ಹಕ್ಕು ನೀಡಿತ್ತು. ಆದರೆ ಶಾಸನ ಪರಿಷತ್ತಿನ ಸದಸ್ಯರಾಗುವ ಅವಕಾಶ ಅವರಿಗೆ ದೊರೆತದ್ದು ೧೯೨೬ರಲ್ಲಿ. ಆ ವರ್ಷದ ಚುನಾವಣೆಯಲ್ಲಿ ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಚುನಾವಣೆಯ ಮೂಲಕ ಮಹಿಳೆಯರಾರೂ ಆಯ್ಕೆಯಾಗದಿದ್ದಾಗ ಭಾರತೀಯ ಮಹಿಳಾ ಸಂಘದ ಒತ್ತಾಯದ ಹಿನ್ನೆಲೆಯಲ್ಲಿ ಸರ್ಕಾರ ಮುತ್ತುಲಕ್ಷ್ಮಿ ರೆಡ್ಡಿಯವರನ್ನು ನಾಮಕರಣ ಮಾಡಿತು. ವೈದ್ಯವೃತ್ತಿಗೆ ಅಡ್ಡಿಯಾದೀತೆಂದು ಅವರು ಮೊದಲು ಹಿಂಜರಿದರು. ಕೊನೆಗೆ ಒಪ್ಪಿಕೊಂಡು ಭಾರತದ ಮೊದಲ ಶಾಸಕಿಯರಲ್ಲಿ ಒಬ್ಬರಾದರು. ೧೯೨೭ರಲ್ಲಿ ಪರಿಷತ್ತು ಅವರನ್ನು ಅವಿರೋಧವಾಗಿ ಉಪಾಧ್ಯಕ್ಷರನ್ನಾಗಿ ಆಯ್ಕೆ ಮಾಡಿತು.

ಪರಿಷತ್ತಿನಲ್ಲಿ ಅವರು ಮಂಡಿಸಿದ ವಿಷಯಗಳ ಪಟ್ಟಿಯನ್ನು ಗಮನಿಸಿದರೆ ವೈದ್ಯೆಯ ದೃಷ್ಟಿ ಸ್ಪಷ್ಟವಾಗುತ್ತದೆ. ಶಾಲಾಮಕ್ಕಳ ವೈದ್ಯಕೀಯ ತಪಾಸಣೆ, ಮಕ್ಕಳಿಗಾಗಿ ಪ್ರತ್ಯೇಕ ಆಸ್ಪತ್ರೆ, ಬಡ ಹೆಣ್ಣುಮಕ್ಕಳಿಗೆ ಶಾಲಾ ಶುಲ್ಕದ ವಿನಾಯಿತಿ ಇವುಗಳಿಗಾಗಿ ಅವರು ವಾದಿಸಿದರು. ೧೯೨೮ರಲ್ಲಿ ವಿವಾಹದ ವಯಸ್ಸನ್ನು ಹೆಣ್ಣಿಗೆ ೧೬ಕ್ಕೂ ಗಂಡಿಗೆ ೨೧ಕ್ಕೂ ಏರಿಸಬೇಕೆಂಬ ಶಿಫಾರಸಿನ ನಿರ್ಣಯವನ್ನು ಮಂಡಿಸಿದರು. ಮರುವರ್ಷ ಕೇಂದ್ರ ಶಾಸನ ಸಭೆಯಲ್ಲಿ ಅಂಗೀಕೃತವಾದ ಶಾರದಾ ಕಾಯಿದೆಯು ಹೆಣ್ಣಿಗೆ ೧೪, ಗಂಡಿಗೆ ೧೮ ವರ್ಷಗಳನ್ನು ಗೊತ್ತುಪಡಿಸಿತು. ಅಂದರೆ ಮುತ್ತುಲಕ್ಷ್ಮಿಯವರ ಬೇಡಿಕೆ ಆ ಕಾಲದ ಕಾನೂನು ಒಪ್ಪಲು ಸಿದ್ಧವಿದ್ದುದಕ್ಕಿಂತ ಮುಂದಿತ್ತು. ಮದ್ರಾಸಿನಲ್ಲಿ ವೇಶ್ಯಾಗೃಹಗಳನ್ನೂ ಹೆಣ್ಣುಮಕ್ಕಳ ಮಾರಾಟವನ್ನೂ ತಡೆಯುವ ೧೯೩೦ರ ಕಾಯಿದೆಯ ಹಿಂದೆಯೂ ಅವರ ಪರಿಶ್ರಮವಿದೆ. ಸೈಮನ್ ಆಯೋಗಕ್ಕೆ ಪೂರಕವಾಗಿ ಶಿಕ್ಷಣದ ಸ್ಥಿತಿಗತಿಗಳನ್ನು ಪರಿಶೀಲಿಸಿದ ಹಾರ್ಟಾಗ್ ಸಮಿತಿಯಲ್ಲಿ ಅವರೊಬ್ಬರೇ ಮಹಿಳಾ ಸದಸ್ಯರಾಗಿದ್ದರು.

ದೇವದಾಸಿ ಪದ್ಧತಿ: ಭೂಮಿ ಮತ್ತು ಕಾನೂನು

ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರು ಚರಿತ್ರೆಯಲ್ಲಿ ಗಾಢವಾಗಿ ಬೆಸೆದುಕೊಂಡಿರುವುದು ದೇವದಾಸಿ ಪದ್ಧತಿಯ ನಿರ್ಮೂಲನದ ಹೋರಾಟದೊಂದಿಗೆ. ೧೯೨೭ರ ನವೆಂಬರಿನಲ್ಲಿ ಅವರು ಹೆಣ್ಣುಮಕ್ಕಳನ್ನು ದೇವಾಲಯಗಳಿಗೆ ಅರ್ಪಿಸುವುದನ್ನು ತಡೆಯಲು ಸರ್ಕಾರ ಕಾನೂನು ಮಾಡಬೇಕೆಂಬ ನಿರ್ಣಯವನ್ನು ಪರಿಷತ್ತಿನ ಮುಂದಿಟ್ಟರು. ಪರಿಷತ್ತು ಅದನ್ನು ಅಂಗೀಕರಿಸಿತು. ಈಗಾಗಲೇ ಇರುವ ಭಾರತೀಯ ದಂಡಸಂಹಿತೆಯೇ ಸಾಕು ಎಂಬ ವಾದ ಆಗ ಕೇಳಿಬಂದಿತ್ತು. ದಂಡಸಂಹಿತೆಯ ೩೭೨ ಮತ್ತು ೩೭೩ನೆಯ ಕಲಮುಗಳು ವೇಶ್ಯಾವೃತ್ತಿಗಾಗಿ ಅಪ್ರಾಪ್ತ ಬಾಲೆಯರನ್ನು ಮಾರುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದು ಸಾರಿದ್ದವು. ಆದರೆ ದೇವರ ಹೆಸರಿನಲ್ಲಿ, ಬಂಧುಬಳಗದ ಸಮ್ಮುಖದಲ್ಲಿ ನಡೆಯುವ ಒಂದು ಧಾರ್ಮಿಕ ವಿಧಿಯ ಹಿಂದೆ ಅಂಥ ಉದ್ದೇಶವಿದೆಯೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಸುಲಭವಾಗಿರಲಿಲ್ಲ. ಆದ್ದರಿಂದ ಅರ್ಪಣೆಯ ವಿಧಿಯನ್ನೇ ಕಾನೂನುಬಾಹಿರಗೊಳಿಸಬೇಕೆಂಬುದು ಅವರ ವಾದವಾಗಿತ್ತು. ಈ ವಿಷಯದಲ್ಲಿ ದೇಶೀಯ ಸಂಸ್ಥಾನವಾದ ಮೈಸೂರು ಬ್ರಿಟಿಷ್ ಪ್ರಾಂತಕ್ಕಿಂತ ಮುಂದಿತ್ತು. ಅಲ್ಲಿನ ಸರ್ಕಾರ ೧೯೦೯ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು.

ನಿರ್ಣಯದ ಬಳಿಕ ಅವರು ಇಟ್ಟ ಹೆಜ್ಜೆ ವಿಶೇಷವಾಗಿ ಗಮನಾರ್ಹವಾದುದು. ನೇರವಾಗಿ ನಿಷೇಧದ ಮಸೂದೆಯನ್ನು ತರುವುದಕ್ಕೆ ಮೊದಲು ಅವರು ಭೂಮಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅನೇಕ ದೇವದಾಸಿ ಕುಟುಂಬಗಳು ದೇವಾಲಯದ ಸೇವೆಗೆ ಪ್ರತಿಯಾಗಿ ಇನಾಂ ಭೂಮಿಯನ್ನು ಅನುಭವಿಸುತ್ತಿದ್ದವು. ಸೇವೆ ನಿಂತರೆ ಭೂಮಿ ಕೈಬಿಡುತ್ತಿತ್ತು. ಸೇವೆ ಮುಂದುವರಿಯಬೇಕಾದರೆ ಪ್ರತಿ ತಲೆಮಾರಿನಲ್ಲಿಯೂ ಹೆಣ್ಣುಮಗುವೊಂದನ್ನು, ಸ್ವಂತ ಮಗುವಿಲ್ಲದಿದ್ದರೆ ದತ್ತು ತಂದ ಮಗುವನ್ನು, ದೇವರಿಗೆ ಅರ್ಪಿಸಬೇಕಾಗುತ್ತಿತ್ತು. ಹೀಗೆ ಜೀವನೋಪಾಯವೇ ಪದ್ಧತಿಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಸರಪಳಿಯಾಗಿತ್ತು. ೧೯೨೬ರ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿ ಕಾಯಿದೆಗೆ ತಿದ್ದುಪಡಿ ತರುವ ಮಸೂದೆಯೊಂದನ್ನು ಮುತ್ತುಲಕ್ಷ್ಮಿಯವರು ಮಂಡಿಸಿದರು. ೧೯೨೯ರಲ್ಲಿ ಅದು ಕಾಯಿದೆಯಾಯಿತು. ಅದರ ಪ್ರಕಾರ ಇನಾಂ ಭೂಮಿ ಸೇವೆಯ ಷರತ್ತಿನಿಂದ ಬಿಡುಗಡೆಗೊಂಡು, ಗೊತ್ತುಪಡಿಸಿದ ಹಣ ಸಲ್ಲಿಸುವ ಕರಾರಿನ ಮೇಲೆ ಅನುಭೋಗದಲ್ಲಿದ್ದವರ ಬಳಿಯೇ ಉಳಿಯುವ ಅವಕಾಶವಾಯಿತು. ಸೇವೆ ಬಿಟ್ಟರೂ ನೆಲ ಹೋಗದು ಎಂಬ ಭರವಸೆ ಕೊಟ್ಟ ಈ ತಿದ್ದುಪಡಿ ಮುಂದಿನ ನಿಷೇಧ ಕಾಯಿದೆಯಷ್ಟು ಪ್ರಸಿದ್ಧವಾಗಿಲ್ಲ. ಆದರೆ ಪದ್ಧತಿಯನ್ನು ಉಳಿಸಿದ್ದ ಆರ್ಥಿಕ ಕಾರಣವನ್ನು ಗುರುತಿಸಿ ಅದಕ್ಕೆ ಪರಿಹಾರ ಹುಡುಕಿದ ದೃಷ್ಟಿಯಿಂದ ಅವರ ಶಾಸನ ಕಾರ್ಯಗಳಲ್ಲಿ ಇದಕ್ಕೆ ಮೊದಲ ಸ್ಥಾನ ಸಲ್ಲಬೇಕು.

೧೯೩೦ರ ಆರಂಭದಲ್ಲಿ ಅವರು ಅರ್ಪಣೆಯನ್ನು ಪೂರ್ಣವಾಗಿ ನಿಷೇಧಿಸುವ ಮಸೂದೆಯನ್ನು ಮಂಡಿಸಿದರು. ಅದನ್ನು ಸಾರ್ವಜನಿಕ ಅಭಿಪ್ರಾಯಕ್ಕಾಗಿ ಪ್ರಕಟಿಸಲಾಯಿತು. ಅಷ್ಟರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು, ಮೇ ತಿಂಗಳಿನಲ್ಲಿ ಗಾಂಧೀಜಿಯವರ ಬಂಧನವಾಯಿತು. ಗಾಂಧೀಜಿಯವರು ದೇವದಾಸಿ ಪದ್ಧತಿಯ ವಿರುದ್ಧದ ಅವರ ಕೆಲಸವನ್ನು ತಮ್ಮ ಪತ್ರಿಕೆಯ ಮೂಲಕ ಬೆಂಬಲಿಸಿದ್ದರು. ಬಂಧನವನ್ನು ಪ್ರತಿಭಟಿಸಿ ಮುತ್ತುಲಕ್ಷ್ಮಿಯವರು ತಮ್ಮ ಸ್ಥಾನಕ್ಕೆ ರಾಜೀನಾಮೆ ನೀಡಿದರು. ತಮ್ಮ ಜೀವನದ ಮುಖ್ಯ ಮಸೂದೆ ಪರಿಷತ್ತಿನಲ್ಲಿ ಬಾಕಿಯಿದ್ದಾಗ ತೆಗೆದುಕೊಂಡ ಈ ನಿರ್ಧಾರದ ಬೆಲೆ ದೊಡ್ಡದಾಗಿತ್ತು. ಅವರಿಲ್ಲದ ಪರಿಷತ್ತಿನಲ್ಲಿ ಮಸೂದೆ ಮುಂದೆ ಸಾಗಲಿಲ್ಲ. ಮದ್ರಾಸ್ ದೇವದಾಸಿ ಅರ್ಪಣೆ ತಡೆ ಕಾಯಿದೆ ಜಾರಿಯಾದದ್ದು ಹದಿನೇಳು ವರ್ಷಗಳ ಅನಂತರ, ಸ್ವಾತಂತ್ರ್ಯ ಬಂದ ೧೯೪೭ರಲ್ಲಿ.

ವಿರೋಧದ ಧ್ವನಿಗಳು

ಈ ಹೋರಾಟಕ್ಕೆ ಎದುರಾದ ವಿರೋಧ ಏಕರೂಪದ್ದಾಗಿರಲಿಲ್ಲ. ಕಾಂಗ್ರೆಸ್ಸಿನ ಪ್ರಮುಖ ನಾಯಕರಾಗಿದ್ದ ಎಸ್. ಸತ್ಯಮೂರ್ತಿಯವರಂಥವರು ದೇವಾಲಯದ ಸಂಪ್ರದಾಯ ಮತ್ತು ಕಲೆಯ ಹೆಸರಿನಲ್ಲಿ ಅದನ್ನು ವಿರೋಧಿಸಿದರು. ಇದು ಪುರುಷಪ್ರಧಾನ ನೆಲೆಯಿಂದ ಬಂದ ವಿರೋಧ. ಇದಕ್ಕಿಂತ ಭಿನ್ನವಾದ, ಉತ್ತರಿಸಲು ಹೆಚ್ಚು ಕಷ್ಟವಾದ ವಿರೋಧ ದೇವದಾಸಿಯರಿಂದಲೇ ಬಂತು. ಮದ್ರಾಸಿನ ದೇವದಾಸಿಯರು ಸಂಘಟಿತರಾಗಿ ಸರ್ಕಾರಕ್ಕೆ ಮನವಿಗಳನ್ನು ಸಲ್ಲಿಸಿದರು. ಅವರ ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರು ನಾಗರತ್ನಮ್ಮನವರು. ೧೮೭೮ರಲ್ಲಿ ಮೈಸೂರು ಸೀಮೆಯ ನಂಜನಗೂಡಿನಲ್ಲಿ ಹುಟ್ಟಿ, ಮೈಸೂರು ಬೆಂಗಳೂರುಗಳಲ್ಲಿ ಬೆಳೆದು, ಮದ್ರಾಸಿನಲ್ಲಿ ಗಾಯಕಿಯಾಗಿ ಹೆಸರಾದ ನಾಗರತ್ನಮ್ಮನವರು ಬಹುಭಾಷಾ ವಿದುಷಿಯೂ ಆಗಿದ್ದರು. ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ೧೯೧೦ರಲ್ಲಿ ಸಂಪಾದಿಸಿ ಪ್ರಕಟಿಸಿದವರು ಅವರೇ. ದೇವದಾಸಿಯೆಂದರೆ ವೇಶ್ಯೆ ಎಂಬ ಸಮೀಕರಣವನ್ನು ಈ ಮಹಿಳೆಯರು ಒಪ್ಪಲಿಲ್ಲ. ತಮ್ಮದು ಭಕ್ತಿ, ವಿದ್ಯೆ ಮತ್ತು ಕಲೆಗಳ ಪರಂಪರೆ, ಆಸ್ತಿ ಹೊಂದುವ ಹಾಗೂ ಹೆಣ್ಣುಮಕ್ಕಳಿಗೆ ಅದನ್ನು ದಾಟಿಸುವ ಹಕ್ಕು ತಮಗಿದೆ, ಶಿಕ್ಷಣ ಕೊಡಿ ಆದರೆ ತಮ್ಮ ಪರಂಪರೆಯನ್ನು ಅಳಿಸಬೇಡಿ ಎಂಬುದು ಅವರ ನಿಲುವಿನ ಸಾರ.

ಅದೇ ಸಮುದಾಯದೊಳಗಿನಿಂದ ಇನ್ನೊಂದು ಧ್ವನಿಯೂ ಎದ್ದಿತು. ಸ್ವತಃ ಈ ಬದುಕಿನ ಕಷ್ಟವನ್ನು ಬಲ್ಲವರಾಗಿದ್ದ ಮೂವಲೂರು ರಾಮಾಮಿರ್ದಮ್ ಅಮ್ಮೈಯಾರ್ ಅವರು ಪದ್ಧತಿಯ ವಿರುದ್ಧ ಊರೂರು ತಿರುಗಿ ಪ್ರಚಾರ ಮಾಡಿದರು. ೧೯೩೬ರಲ್ಲಿ ಈ ವಸ್ತುವನ್ನಾಧರಿಸಿ ತಮಿಳಿನಲ್ಲಿ ಕಾದಂಬರಿಯನ್ನೂ ಪ್ರಕಟಿಸಿದರು. ಆದ್ದರಿಂದ ದೇವದಾಸಿಯರೆಲ್ಲರೂ ನಿಷೇಧವನ್ನು ವಿರೋಧಿಸಿದರೆಂದಾಗಲಿ, ಎಲ್ಲರೂ ಬಿಡುಗಡೆಗಾಗಿ ಕಾತರಿಸಿದ್ದರೆಂದಾಗಲಿ ಹೇಳುವುದು ಚರಿತ್ರೆಗೆ ಅಪಚಾರವಾಗುತ್ತದೆ. ಸಂಗೀತದಲ್ಲಿ ಹೆಸರು ಮಾಡಿ ಸ್ವಂತ ಮನೆ ಕಟ್ಟಿದ ಗಾಯಕಿಯ ಸ್ಥಿತಿಗೂ ಬಡತನದಲ್ಲಿ ಎಳೆಯ ವಯಸ್ಸಿನಲ್ಲಿಯೇ ಅರ್ಪಿತಳಾದ ಬಾಲೆಯ ಸ್ಥಿತಿಗೂ ಅಗಾಧ ಅಂತರವಿತ್ತು.

ಮುತ್ತುಲಕ್ಷ್ಮಿಯವರ ಕಣ್ಣ ಮುಂದಿದ್ದದ್ದು ಎರಡನೆಯವಳು. ಸಮ್ಮತಿ ನೀಡುವ ವಯಸ್ಸೇ ಅಲ್ಲದ ಮಗುವಿನ ಭವಿಷ್ಯವನ್ನು ಇತರರು ನಿರ್ಧರಿಸುವುದನ್ನು ಅವರು ಸಹಿಸಲಿಲ್ಲ. ಈ ಅಂಶದಲ್ಲಿ ಅವರ ವಾದವನ್ನು ಇಂದಿಗೂ ಅಲ್ಲಗಳೆಯಲಾಗದು. ಆದರೆ ರೋಗ ಮತ್ತು ನೈತಿಕ ಶುದ್ಧಿಯ ಪರಿಭಾಷೆಯಲ್ಲಿ ಬೆಳೆದ ಆ ವಾದ ಮಗುವನ್ನು ರಕ್ಷಿಸುವ ಭರದಲ್ಲಿ ಪ್ರೌಢ ಕಲಾವಿದೆಯನ್ನೂ ರೋಗಿಯೆಂದೇ ಪರಿಗಣಿಸಿತು. ಇವರೆಲ್ಲರೂ ವಿವಾಹಿತ ಗೃಹಿಣಿಯರೂ ತಾಯಂದಿರೂ ಆಗಬೇಕೆಂಬ ಅವರ ಆಶಯದಲ್ಲಿ ಆ ಕಾಲದ ಮಧ್ಯಮವರ್ಗದ ಕುಟುಂಬಾದರ್ಶದ ಛಾಯೆ ಇದೆ. ೧೯೩೨ರ ಕೊನೆಯಲ್ಲಿ ಸಾರ್ವಜನಿಕ ಸಮಾರಂಭಗಳಲ್ಲಿ ನಡೆಯುವ ನೃತ್ಯವನ್ನು ವಿರೋಧಿಸಿ ಅವರು ಪತ್ರಿಕೆಗಳಿಗೆ ಬರೆದಾಗ, ವಕೀಲರೂ ಕಲಾವಿದರೂ ಆಗಿದ್ದ ಇ. ಕೃಷ್ಣ ಅಯ್ಯರ್ ಅವರು ಕಲೆಯ ಪರವಾಗಿ ನಿಂತರು. ಮುಂದೆ ಆ ನೃತ್ಯ ಭರತನಾಟ್ಯವೆಂಬ ಹೆಸರಿನಲ್ಲಿ ಮೇಲ್ಜಾತಿಯ ಮನೆಗಳ ಹೆಣ್ಣುಮಕ್ಕಳ ವಿದ್ಯೆಯಾಗಿ ಪ್ರತಿಷ್ಠೆ ಗಳಿಸಿತು. ೧೯೩೬ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರು ಸ್ಥಾಪಿಸಿದ ಕಲಾಕ್ಷೇತ್ರ ಈ ಪರಿವರ್ತನೆಯ ಮುಖ್ಯ ಕೇಂದ್ರವಾಯಿತು. ಕಲೆ ಉಳಿಯಿತು, ಅದನ್ನು ತಲೆಮಾರುಗಳಿಂದ ಕಾಪಾಡಿದ್ದ ಸ್ತ್ರೀಯರು ರಂಗದಿಂದ ಮರೆಯಾದರು. ಅಮೃತ್ ಶ್ರೀನಿವಾಸನ್, ಕಲ್ಪನಾ ಕಣ್ಣಬಿರಾನ್, ಎಸ್. ಆನಂದಿ ಮೊದಲಾದ ವಿದ್ವಾಂಸರು ೧೯೮೦ರ ದಶಕದಿಂದೀಚೆಗೆ ಸುಧಾರಣೆಯ ಈ ಇನ್ನೊಂದು ಮುಖವನ್ನು ಚರ್ಚೆಗೆ ತಂದಿದ್ದಾರೆ. ಈ ವಿಮರ್ಶೆಯ ಬೆಳಕಿನಲ್ಲಿ ಮುತ್ತುಲಕ್ಷ್ಮಿಯವರ ಸಾಧನೆಯನ್ನು ಮರುಪರಿಶೀಲಿಸುವುದು ಅಗತ್ಯ. ಹಾಗೆಂದು ಅದನ್ನು ವಸಾಹತುಶಾಹಿ ನೈತಿಕತೆಯ ಅನುಕರಣೆಯೆಂದು ತಳ್ಳಿಹಾಕುವುದು ಅರ್ಪಿತಳಾದ ಬಾಲೆಯನ್ನು ಎರಡನೆಯ ಬಾರಿಗೆ ಮರೆತಂತಾಗುತ್ತದೆ.

ಅವ್ವೈ ಇಲ್ಲಂ

ಕಾನೂನಿನಿಂದ ಪದ್ಧತಿಯನ್ನು ನಿಲ್ಲಿಸಬಹುದು, ಆದರೆ ಅಲ್ಲಿಂದ ಹೊರಬಂದ ಹುಡುಗಿ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ೧೯೩೦ರಲ್ಲಿ ಅವರ ಮನೆಬಾಗಿಲಿಗೇ ಬಂತು. ದೇವದಾಸಿ ಮನೆತನದ ಕೆಲವು ಹುಡುಗಿಯರು ಆಶ್ರಯ ಬೇಡಿ ಬಂದರು. ಮದ್ರಾಸಿನ ವಿದ್ಯಾರ್ಥಿನಿಲಯಗಳಲ್ಲಿ ಅವರಿಗೆ ಜಾಗ ದೊರೆಯಲಿಲ್ಲ. ಮುತ್ತುಲಕ್ಷ್ಮಿಯವರು ಅವರನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ತಮಿಳಿನ ಪ್ರಾಚೀನ ಕವಯಿತ್ರಿ ಅವ್ವೈಯಾರ್ ಅವರ ಹೆಸರಿನಲ್ಲಿ ಅವ್ವೈ ಇಲ್ಲಂ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಮುಂದೆ ಅಡ್ಯಾರಿಗೆ ಸ್ಥಳಾಂತರಗೊಂಡ ಈ ಸಂಸ್ಥೆ ಜಾತಿಭೇದವಿಲ್ಲದೆ ಅನಾಥ ಹಾಗೂ ನಿರ್ಗತಿಕ ಹೆಣ್ಣುಮಕ್ಕಳಿಗೆ ವಸತಿ ಮತ್ತು ಶಿಕ್ಷಣ ಒದಗಿಸಿತು. ಇಲ್ಲಿ ಬೆಳೆದ ಹೆಣ್ಣುಮಕ್ಕಳು ಶಿಕ್ಷಕಿಯರೂ ದಾದಿಯರೂ ಆಗಿ ತಮ್ಮ ಕಾಲ ಮೇಲೆ ನಿಲ್ಲುವಂತಾಯಿತು.

ಪರಿಷತ್ತಿನಿಂದ ಹೊರಬಂದ ವರ್ಷವೇ ಈ ಸಂಸ್ಥೆ ಆರಂಭವಾದುದು ಅರ್ಥಪೂರ್ಣವಾಗಿದೆ. ಶಾಸನಕ್ಕೆ ತಲುಪಲಾಗದ ಜಾಗವನ್ನು ಸಂಸ್ಥೆಯೊಂದರ ಮೂಲಕ ತುಂಬುವ ಪ್ರಯತ್ನ ಇಲ್ಲಿಂದ ಮೊದಲಾಯಿತು. ಇದರಿಂದ ಅವರ ರಾಜಕೀಯ ಚಟುವಟಿಕೆಗಳೇನೂ ನಿಲ್ಲಲಿಲ್ಲ. ೧೯೩೧ರಲ್ಲಿ ಲಾಹೋರಿನಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷತೆಯನ್ನು ಅವರು ವಹಿಸಿದರು. ೧೯೩೩ರಲ್ಲಿ ರಾಜಕುಮಾರಿ ಅಮೃತ್ ಕೌರ್ ಮತ್ತು ಬೇಗಂ ಹಮೀದ್ ಅಲಿ ಅವರೊಂದಿಗೆ ಲಂಡನ್ನಿಗೆ ತೆರಳಿ, ಭಾರತದ ಹೊಸ ಸಂವಿಧಾನವನ್ನು ಪರಿಶೀಲಿಸುತ್ತಿದ್ದ ಸಂಸತ್ತಿನ ಜಂಟಿ ಸಮಿತಿಯ ಮುಂದೆ ಮಹಿಳಾ ಸಂಘಟನೆಗಳ ಪರವಾಗಿ ಸಾಕ್ಷ್ಯ ನುಡಿದರು. ಮಹಿಳೆಯರನ್ನು ಮತಧರ್ಮಗಳ ಆಧಾರದ ಮೇಲೆ ಪ್ರತ್ಯೇಕ ಮತಕ್ಷೇತ್ರಗಳಲ್ಲಿ ವಿಭಜಿಸುವುದನ್ನು ಅವರು ವಿರೋಧಿಸಿದರು. ೧೯೩೭ರಲ್ಲಿ ಮದ್ರಾಸ್ ನಗರಸಭೆಯಲ್ಲಿಯೂ ಸ್ಥಾನ ಪಡೆದರು.

ಕ್ಯಾನ್ಸರ್ ಆಸ್ಪತ್ರೆ

ಮುತ್ತುಲಕ್ಷ್ಮಿಯವರ ತಂಗಿ ಎಳೆಯ ವಯಸ್ಸಿನಲ್ಲಿಯೇ ಗುದನಾಳದ ಕ್ಯಾನ್ಸರಿನಿಂದ ತೀರಿಕೊಂಡರು. ಮೊದಲು ಅದನ್ನು ಆಮಶಂಕೆಯೆಂದು ತಪ್ಪಾಗಿ ಗುರುತಿಸಲಾಗಿತ್ತು. ವೈದ್ಯರ ಮನೆಯಲ್ಲಿಯೇ ರೋಗ ತಿಳಿಯುವಷ್ಟರಲ್ಲಿ ಕಾಲ ಮಿಂಚಿದ್ದ ಈ ಘಟನೆ ಅವರನ್ನು ಜೀವನಪರ್ಯಂತ ಕಾಡಿತು. ಲಂಡನ್ನಿನಲ್ಲಿದ್ದಾಗ ಅವರು ಕ್ಯಾನ್ಸರ್ ಚಿಕಿತ್ಸೆಯ ಕುರಿತೂ ಅಭ್ಯಾಸ ಮಾಡಿದರು. ೧೯೩೫ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಶತಮಾನೋತ್ಸವದ ಸಂದರ್ಭದಲ್ಲಿ ಕ್ಯಾನ್ಸರಿಗಾಗಿಯೇ ಒಂದು ಆಸ್ಪತ್ರೆ ಬೇಕೆಂಬ ತಮ್ಮ ಆಶಯವನ್ನು ಬಹಿರಂಗವಾಗಿ ವ್ಯಕ್ತಪಡಿಸಿದರು. ಗುಣವಾಗದ ರೋಗಕ್ಕೆ ಹಣ ಸುರಿಯುವುದು ವ್ಯರ್ಥ ಎಂಬ ಭಾವನೆ ಆಗ ಆಡಳಿತಗಾರರಲ್ಲಿ ಮಾತ್ರವಲ್ಲದೆ ವೈದ್ಯರಲ್ಲಿಯೂ ಪ್ರಬಲವಾಗಿತ್ತು. ೧೯೪೯ರಲ್ಲಿ ಭಾರತೀಯ ಮಹಿಳಾ ಸಂಘದ ಆಶ್ರಯದಲ್ಲಿ ಕ್ಯಾನ್ಸರ್ ಪರಿಹಾರ ನಿಧಿಯನ್ನು ಆರಂಭಿಸಿ, ಮನೆಮನೆಗಳಿಂದ ಹಣ ಸಂಗ್ರಹಿಸಲಾಯಿತು. ೧೯೫೨ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅಡ್ಯಾರಿನಲ್ಲಿ ಆಸ್ಪತ್ರೆಗೆ ಶಂಕುಸ್ಥಾಪನೆ ಮಾಡಿದರು. ೧೯೫೪ರಲ್ಲಿ ಹನ್ನೆರಡು ಹಾಸಿಗೆಗಳೊಂದಿಗೆ ಅದು ಕೆಲಸ ಆರಂಭಿಸಿತು.

ಮಗ ಡಾ. ಕೃಷ್ಣಮೂರ್ತಿಯವರೂ, ೧೯೫೫ರಲ್ಲಿ ಅಲ್ಲಿಗೆ ಬಂದ ಡಾ. ವಿ. ಶಾಂತಾ ಅವರೂ ಆ ಸಂಸ್ಥೆಯನ್ನು ದೇಶದ ಪ್ರಮುಖ ಕ್ಯಾನ್ಸರ್ ಕೇಂದ್ರಗಳಲ್ಲಿ ಒಂದನ್ನಾಗಿ ಬೆಳೆಸಿದರು. ಮುತ್ತುಲಕ್ಷ್ಮಿಯವರಿಗೆ ೧೯೫೬ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಪ್ರಶಸ್ತಿ ನೀಡಿತು. ಶಾಸಕಿಯಾಗಿ ತಮಗಾದ ಅನುಭವಗಳನ್ನು ಅವರು ೧೯೩೦ರಲ್ಲಿಯೇ ಇಂಗ್ಲಿಷಿನಲ್ಲಿ ಪುಸ್ತಕರೂಪದಲ್ಲಿ ದಾಖಲಿಸಿದ್ದರು. ೧೯೬೪ರಲ್ಲಿ ಆತ್ಮಕಥೆಯೂ ಪ್ರಕಟವಾಯಿತು. ೧೯೬೮ರ ಜುಲೈ ೨೨ರಂದು ತಮ್ಮ ೮೧ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಬಡ ಗರ್ಭಿಣಿಯರಿಗೆ ನೆರವು ನೀಡುವ ತಮಿಳುನಾಡು ಸರ್ಕಾರದ ಯೋಜನೆಗೆ ಮುಂದೆ ಅವರ ಹೆಸರನ್ನೇ ಇಡಲಾಯಿತು.

ಕನ್ನಡ ನಾಡು ಮತ್ತು ಶಾಸನದ ಮಿತಿ

ಮುತ್ತುಲಕ್ಷ್ಮಿ ರೆಡ್ಡಿಯವರ ಕಾರ್ಯಕ್ಷೇತ್ರ ಮದ್ರಾಸ್ ಆಗಿದ್ದರೂ ಅವರು ರೂಪಿಸಿದ ಶಾಸನಗಳ ವ್ಯಾಪ್ತಿ ಕನ್ನಡ ಪ್ರದೇಶಗಳನ್ನೂ ಒಳಗೊಂಡಿತ್ತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಆಗ ಮದ್ರಾಸ್ ಪ್ರಾಂತದ ಭಾಗಗಳು. ಬಸವಿ ಬಿಡುವ ರೂಢಿಯಿದ್ದ ಬಳ್ಳಾರಿ ೧೯೫೩ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಮೊದಲೇ ೧೯೪೭ರ ಕಾಯಿದೆಯ ವ್ಯಾಪ್ತಿಗೆ ಬಂದಿತ್ತು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳಿಗೆ ಮುಂಬಯಿ ಪ್ರಾಂತದ ೧೯೩೪ರ ದೇವದಾಸಿ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತಿತ್ತು. ಇಷ್ಟಾದರೂ ಮುತ್ತು ಕಟ್ಟುವ ಪದ್ಧತಿ ಈ ಪ್ರದೇಶಗಳಲ್ಲಿ ನಿಲ್ಲಲಿಲ್ಲ. ಕರ್ನಾಟಕ ಸರ್ಕಾರ ೧೯೮೨ರಲ್ಲಿ ಮತ್ತೆ ಒಂದು ನಿಷೇಧ ಕಾಯಿದೆಯನ್ನು ರೂಪಿಸಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ. ಉತ್ತರ ಕರ್ನಾಟಕದಲ್ಲಿ ಈ ಪದ್ಧತಿಗೆ ಬಲಿಯಾದವರು ಬಹುಪಾಲು ದಲಿತ ಸಮುದಾಯಗಳ ಭೂರಹಿತ ಕುಟುಂಬಗಳ ಹೆಣ್ಣುಮಕ್ಕಳು. ಇನಾಂ ಭೂಮಿಯನ್ನಾಗಲಿ, ಸಭೆಗಳಲ್ಲಿ ಮನ್ನಣೆ ಪಡೆದ ಕಲೆಯನ್ನಾಗಲಿ ಹೊಂದಿರದ ಇವರಿಗೆ ನಿಷೇಧ ಕಾಯಿದೆಯೊಂದೇ ಆಸರೆಯಾಗಲು ಸಾಧ್ಯವಿರಲಿಲ್ಲ.

ಇಲ್ಲಿ ಮುತ್ತುಲಕ್ಷ್ಮಿಯವರ ಅನುಭವ ಮತ್ತೆ ಪ್ರಸ್ತುತವಾಗುತ್ತದೆ. ೧೯೨೯ರ ತಿದ್ದುಪಡಿ, ೧೯೩೦ರ ಮಸೂದೆ ಮತ್ತು ಅದೇ ವರ್ಷದ ಅವ್ವೈ ಇಲ್ಲಂ ಇವು ಮೂರನ್ನೂ ಒಟ್ಟಾಗಿ ನೋಡಬೇಕು. ಜೀವನೋಪಾಯದ ಭದ್ರತೆ, ಕಾನೂನಿನ ನಿಷೇಧ, ಶಿಕ್ಷಣ ಸಹಿತವಾದ ಆಶ್ರಯ ಎಂಬ ಕ್ರಮ ಅವುಗಳಲ್ಲಿದೆ. ನಂತರದ ಸರ್ಕಾರಗಳು ಇವುಗಳಲ್ಲಿ ನಿಷೇಧವನ್ನು ಶ್ರದ್ಧೆಯಿಂದ ಅನುಸರಿಸಿದವು, ಉಳಿದೆರಡರ ವಿಷಯದಲ್ಲಿ ಅಷ್ಟು ಆಸ್ಥೆ ತೋರಲಿಲ್ಲ. ದೇವದಾಸಿಯರ ಸ್ವಂತ ಧ್ವನಿಗೆ ಕಿವಿಗೊಡುವುದರಲ್ಲಿ ಮುತ್ತುಲಕ್ಷ್ಮಿಯವರು ಸೋತರೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ನಿಷೇಧಕ್ಕೆ ಮುನ್ನ ಭೂಮಿಯನ್ನೂ ನಿಷೇಧದೊಂದಿಗೆ ಆಶ್ರಯವನ್ನೂ ಕುರಿತು ಯೋಚಿಸಿದ ಆ ಕ್ರಮ, ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಪುನರ್ವಸತಿಯನ್ನು ಕುರಿತು ಚಿಂತಿಸುವವರಿಗೆ ಇಂದಿಗೂ ಮಾರ್ಗದರ್ಶಕವಾಗಿದೆ.